ಕಥೆ ಚೆನ್ನಾಗಿದೆ, ವಿಮರ್ಶೆ ಎಲ್ಲಿ?

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕದ ಬಗ್ಗೆ ವಿಮರ್ಶಾ ಪ್ರಬಂಧ ಬರೆದೆ. ‘ಹ್ಯಾಮ್ಲೆಟ್ ನಿರ್ಧಾರ ಮಾಡಲಾಗದ ಮನುಷ್ಯ’ ಎಂದು ಶುರು ಮಾಡಿ ಐದೂ ಅಂಕಗಳನ್ನು ವಿವರಿಸಿದ್ದೆ. ‘ಇದು ಕಥಾಸಾರ, ವಿಮರ್ಶೆ ಎಲ್ಲಿ?’ ಎಂದು ಬರೆದು ಮೇಷ್ಟ್ರು ವಾಪಸ್ ಕೊಟ್ಟರು. ಎಲ್ಲಿ ಎಡವಿದೆ?

ಉತ್ತರ: ಮೊದಲ ವಾಕ್ಯದಲ್ಲೇ. ಅದು ತಪ್ಪು ಅಂತಲ್ಲ. ಅದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ, ತೊಂದರೆ ಅದೇ. ಎಲ್ಲರೂ ತಲೆಯಾಡಿಸುವ ಮಾತನ್ನು ಸಾಧಿಸಿ ತೋರಿಸುವ ಅಗತ್ಯವೇ ಇಲ್ಲ, ಅಲ್ವಾ? ಆಮೇಲೆ ಪುಟ ತುಂಬಿಸಲು ಕಥೆಯೇ ಗತಿ. ನಾಟಕವನ್ನು ಗಮನವಿಟ್ಟು ಓದಿದ ಒಬ್ಬರಾದರೂ ‘ನಾನು ಒಪ್ಪಲ್ಲ’ ಅನ್ನಬಹುದಾದ ಮಾತು ನಿಮಗೆ ಬೇಕು.

ಅದಕ್ಕೆ ಇಡೀ ನಾಟಕ ಬಿಟ್ಟು, ನಿಮಗೆ ಕಸಿವಿಸಿಯಾದ ಒಂದೇ ದೃಶ್ಯ ಹಿಡಿಯಿರಿ. ಮೂರನೇ ಅಂಕದ ಮೂರನೇ ದೃಶ್ಯವನ್ನೇ ನೋಡಿ. ಹ್ಯಾಮ್ಲೆಟ್‌ನ ತಂದೆಯನ್ನು ಕೊಂದು ರಾಜನಾದ ಚಿಕ್ಕಪ್ಪ ಕ್ಲಾಡಿಯಸ್ ಒಬ್ಬನೇ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾನೆ. ಸೇಡು ತೀರಿಸಬೇಕಾದ ಹ್ಯಾಮ್ಲೆಟ್ ಕತ್ತಿ ಹಿಡಿದು ಬಂದವನು ಕೊಲ್ಲದೆ ಹಾಗೇ ಹೋಗುತ್ತಾನೆ. ಪ್ರಾರ್ಥನೆಯಲ್ಲಿರುವಾಗ ಕೊಂದರೆ ಇವನು ಸೀದಾ ಸ್ವರ್ಗಕ್ಕೆ ಹೋಗುತ್ತಾನೆ, ಪಾಪ ಮಾಡುತ್ತಿರುವಾಗಲೇ ಕೊಲ್ಲಬೇಕು ಎಂಬುದು ಅವನ ಲೆಕ್ಕ. ಅವನು ಅತ್ತ ಹೋದ ಮೇಲೆ ಕ್ಲಾಡಿಯಸ್ ಏಳುತ್ತಾನೆ. ಮಾತು ಮೇಲೇರಿತು, ಮನಸ್ಸು ಇಲ್ಲೇ ಉಳಿಯಿತು ಎನ್ನುತ್ತಾನೆ. ಅಂದರೆ ಆ ಪ್ರಾರ್ಥನೆಗೆ ಬೆಲೆಯೇ ಇರಲಿಲ್ಲ! ಇದು ಪ್ರೇಕ್ಷಕರಿಗೆ ಗೊತ್ತು, ಹ್ಯಾಮ್ಲೆಟ್‌ಗೆ ಗೊತ್ತಿಲ್ಲ.

ಈಗ ಹೀಗೆ ಬರೆಯಬಹುದು: ‘ಈ ದೃಶ್ಯದಲ್ಲಿ ಹ್ಯಾಮ್ಲೆಟ್ ಹಿಂಜರಿಯುವುದಿಲ್ಲ. ಎದುರಿನವನ ಮನಸ್ಸು ತನಗೆ ಗೊತ್ತು ಎಂಬ ಅತಿ ವಿಶ್ವಾಸದಿಂದ ಸೋಲುತ್ತಾನೆ.’ ‘ಈ ದೃಶ್ಯದಲ್ಲಿ’ ಎಂಬ ಮಾತನ್ನು ಬಿಡಬೇಡಿ. ವಾದವನ್ನು ನೀವು ಹೊರಬಲ್ಲಷ್ಟಕ್ಕೇ ಇಳಿಸಿಕೊಡುವುದು ಅದೇ.

ತಕರಾರು ಬಂದೇ ಬರುತ್ತದೆ, ಬರಲಿ. ಪಾಪ ಮಾಡುತ್ತಿರುವಾಗಲೇ ಕೊಲ್ಲಬೇಕೆಂಬ ಹ್ಯಾಮ್ಲೆಟ್‌ನ ಮಾತನ್ನು ಇಂಗ್ಲಿಷ್ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ ಇದ್ದಂತೆಯೇ ನಂಬಿದ. ಓದಲೂ ಆಗದಷ್ಟು ಭೀಕರ ಎಂದು ತಾನು ಸಂಪಾದಿಸಿದ ಶೇಕ್ಸ್‌ಪಿಯರ್ ನಾಟಕಗಳ 1765ರ ಆವೃತ್ತಿಯಲ್ಲಿ ಬರೆದ. ಆಮೇಲೆ ಬಂದ ಕವಿ, ವಿಮರ್ಶಕ ಕೋಲ್‌ರಿಜ್ ಒಪ್ಪಲಿಲ್ಲ. ಅದು ಕ್ರೌರ್ಯವಲ್ಲ, ಮುಂದೂಡುವವನ ಲಕ್ಷಣ ಎಂದ. ನಿಮ್ಮ ವಾದಕ್ಕೆ ಕೋಲ್‌ರಿಜ್ ಎದುರಾಳಿ. ಅವನನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ಒಂದು ಪೂರ್ತಿ ಪ್ಯಾರಾ ಕೊಡಿ, ಅವನ ಮಾತು ಎಷ್ಟು ಗಟ್ಟಿಯಿದೆಯೋ ಅಷ್ಟೇ ಗಟ್ಟಿಯಾಗಿ ಹೇಳಿ. ಆಮೇಲೆ ನಾಟಕದಿಂದಲೇ ಉತ್ತರ ಕೊಡಿ. ಮುಂದಿನ ದೃಶ್ಯದಲ್ಲೇ ಪರದೆ ಹಿಂದೆ ಸದ್ದಾಗುತ್ತದೆ. ರಾಜನೇ ಇರಬೇಕೆಂದು ಹ್ಯಾಮ್ಲೆಟ್ ಮುಖ ನೋಡದೆ ಇರಿಯುತ್ತಾನೆ. ಸತ್ತವನು ರಾಜನ ಮಂತ್ರಿ ಪೊಲೋನಿಯಸ್. ಇಲ್ಲೂ ಅದೇ ಅತಿ ವಿಶ್ವಾಸ. ‘ಯೋಚಿಸಲು ಸಮಯ ಸಿಗಲಿಲ್ಲ, ಅದಕ್ಕೇ ಇರಿದ’ ಎಂದು ಕೋಲ್‌ರಿಜ್ ಕಡೆಯವರು ಹೇಳಬಹುದು. ಅದನ್ನೂ ಒಪ್ಪಿಕೊಂಡು ಬರೆಯಿರಿ. ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುವುದೇ ಅಲ್ಲಿ.

ಸಾಲುಗಳನ್ನು ಉದ್ಧರಿಸಿ ಸುಮ್ನೆ ಮುಂದೆ ಹೋಗಬೇಡಿ. ಅದರಲ್ಲಿ ಯಾವ ಪದ ನಿಮ್ಮ ವಾದಕ್ಕೆ ಬಲ ಕೊಡುತ್ತದೆ ಎಂದು ತೋರಿಸಿ. ಪೀಠಿಕೆ ಕೊನೆಗೆ ಬರೆದರೂ ನಡೆಯುತ್ತದೆ.

ಇನ್ನೊಂದು ವಿಷಯ, ವಿದ್ಯಾರ್ಥಿಗಳು ಜಾಸ್ತಿ ಮರೆಯುವುದು ಇದನ್ನೇ. ಯಾವ ಆವೃತ್ತಿ ಓದಿದಿರಿ ಎಂದು ಹೇಳಿ. ನಾಲ್ಕನೇ ಅಂಕದ ಸ್ವಗತದಲ್ಲಿ ಹ್ಯಾಮ್ಲೆಟ್, ಸೇಡಿನ ಕೆಲಸ ಇನ್ನೂ ಯಾಕೆ ಬಾಕಿ ಉಳಿದಿದೆಯೋ ತನಗೇ ಗೊತ್ತಿಲ್ಲ ಎನ್ನುತ್ತಾನೆ. ನಿಮ್ಮ ವಾದಕ್ಕೆ ದೊಡ್ಡ ಏಟು ಅದು. ಆದರೆ ಶೇಕ್ಸ್‌ಪಿಯರ್ ನಾಟಕಗಳ ಸಂಗ್ರಹವಾದ 1623ರ ಫೋಲಿಯೊ ಮುದ್ರಣದಲ್ಲಿ ಆ ಸ್ವಗತವೇ ಇಲ್ಲ.