ಸಿಸ್ಟರ್ ಅವರನ್ನು ಕೇಳಿ: ಸೋರುವ ಗಾಯಕ್ಕೆ ಡ್ರೆಸ್ಸಿಂಗ್, ವಿಮೆಯಲ್ಲಿ ಕಡಿತ

ಪ್ರಶ್ನೆ: ಸಿಸ್ಟರ್‌ಗೆ ನಮಸ್ಕಾರ. ನಮ್ಮ ತಂದೆಯವರಿಗೆ ಶುಗರ್ ಇದೆ. ಶುಂಠಿ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿ ಅಂಗಾಲಿಗೆ ಗಾಯವಾಗಿ ಕೀವು ತುಂಬಿತ್ತು. ಹಾಸನದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು, ಕೊಳೆತ ಭಾಗ ತೆಗೆದು ಕ್ಲೀನ್ ಮಾಡಿದರು. ಕ್ಯಾಶ್‌ಲೆಸ್ ಆಗಿತ್ತು. ಆದರೂ ಡಿಸ್ಚಾರ್ಜ್ ದಿನ 9,460 ರೂಪಾಯಿ ಕಟ್ಟಿಸಿಕೊಂಡರು. ಗ್ಲೌಸು, ಹತ್ತಿ, ಬ್ಯಾಂಡೇಜು, ಸ್ಪಂಜಿನಂಥ ಫೋಮ್ ಡ್ರೆಸ್ಸಿಂಗು, ‘ಡ್ರೆಸ್ಸಿಂಗ್ ಕಿಟ್’ ಯಾವುದನ್ನೂ ಕಂಪನಿ ಕೊಡುವುದಿಲ್ಲವಂತೆ. ಮನೆಗೆ ಬಂದ ಮೇಲೂ ಮೂರು ದಿನಕ್ಕೊಂದು ಫೋಮ್ ಡ್ರೆಸ್ಸಿಂಗ್ ತರುತ್ತಿದ್ದೇವೆ. ಇದರಲ್ಲಿ ಏನಾದರೂ ವಾಪಸ್ ಬರುತ್ತದಾ?
– ಓದುಗರು, ಆಲೂರು

ಉತ್ತರ: ಪೂರ್ತಿ ಬರುವುದಿಲ್ಲ, ಆದರೆ ಕೈಬಿಡಬೇಡಿ. ಸರ್ಜಿಕಲ್ ವಾರ್ಡಿನಲ್ಲಿ ಡ್ರೆಸ್ಸಿಂಗ್ ಟ್ರಾಲಿ ತಳ್ಳಿ, ಆಮೇಲೆ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತವಳು ನಾನು. ಇಂಥ ಬಿಲ್ಲು ಹಿಡಿದು ಕೌಂಟರ್ ಮುಂದೆ ನಿಂತವರ ಮುಖ ನನಗೆ ಚೆನ್ನಾಗಿ ಗೊತ್ತು. ‘ಕನ್ಸ್ಯೂಮಬಲ್ಸ್’, ಅಂದರೆ ಬಳಸಿ ಎಸೆಯುವ ಸಾಮಾನು, ಅಂತ ಒಂದೇ ಗಂಟು ಕಟ್ಟಿ ಹೇಳಿಬಿಡುತ್ತಾರೆ. ಆ ಗಂಟು ಬಿಚ್ಚಿಸಿ ನೋಡುವುದು ನಿಮ್ಮ ಮೊದಲ ಕೆಲಸ.

ನಿಮ್ಮ ಪಾಲಿಸಿ ಪುಸ್ತಕದ ಕೊನೆಯ ಪುಟಗಳನ್ನು ತೆಗೆಯಿರಿ. ಹೆಚ್ಚಿನ ಪಾಲಿಸಿಗಳಲ್ಲಿ ಅಲ್ಲಿ ನಾಲ್ಕು ಪಟ್ಟಿಗಳಿರುತ್ತವೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಎಲ್ಲ ಕಂಪನಿಗಳಿಗೂ ಒಂದೇ ಥರ ಇರಲಿ ಎಂದು ಮಾಡಿದ ಪಟ್ಟಿಗಳು ಇವು. ಮೊದಲನೆಯದರಲ್ಲಿ 68 ಬಾಬತ್ತುಗಳಿವೆ, ಅವಕ್ಕೆ ಕಂಪನಿ ದುಡ್ಡು ಕೊಡುವುದಿಲ್ಲ. ಗ್ಲೌಸು, ಕ್ರೇಪ್ ಬ್ಯಾಂಡೇಜು, ಮಾಸ್ಕು, ಶುಗರ್ ಇರುವವರ ವಿಶೇಷ ಚಪ್ಪಲಿ ಎಲ್ಲವೂ ಅದರಲ್ಲಿವೆ. ಕನ್ಸ್ಯೂಮಬಲ್ಸ್‌ಗೆಂದೇ ಹೆಚ್ಚುವರಿ ಪ್ರೀಮಿಯಂ ಕಟ್ಟಿ ರೈಡರ್ ಪಡೆದಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಆ ಮೊತ್ತ ಹೋದಂತೆಯೇ.

ಹತ್ತಿ, ಗಾಜ್ ಬಟ್ಟೆ, ಹತ್ತಿಯ ಬ್ಯಾಂಡೇಜು, ಸರ್ಜಿಕಲ್ ಟೇಪು ಇರುವುದು ಮೂರನೇ ಪಟ್ಟಿಯಲ್ಲಿ. ಇವುಗಳ ಬೆಲೆ ಆಪರೇಷನ್ ಶುಲ್ಕದೊಳಗೇ ಸೇರಿರಬೇಕು. ಆಸ್ಪತ್ರೆ ಬೇರೆ ಸಾಲಿನಲ್ಲಿ ಬರೆದರೆ ಕಂಪನಿ ಆ ಸಾಲನ್ನು ಹೊಡೆದುಹಾಕುತ್ತದೆ, ಕೊನೆಗೆ ಹೊರೆ ಬೀಳುವುದು ನಿಮ್ಮ ತಲೆ ಮೇಲೆ. ಆದ್ದರಿಂದ ಕೇಳಬೇಕಾದದ್ದು ಕಂಪನಿಯನ್ನಲ್ಲ, ಬಿಲ್ಲಿಂಗ್ ವಿಭಾಗವನ್ನು. ‘ಮೂರನೇ ಪಟ್ಟಿಯ ವಸ್ತುಗಳನ್ನು ಪ್ರತ್ಯೇಕವಾಗಿ ಯಾಕೆ ಹಾಕಿದ್ದೀರಿ?’ ಎಂದು ಬರಹದಲ್ಲಿ ಕೇಳಿ, ಒಂದು ಪ್ರತಿಗೆ ಅವರ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿಗೆ ಅಲ್ಲಿ ಉತ್ತರ ಸಿಗುವುದು ಅಪರೂಪ.

‘ಡ್ರೆಸ್ಸಿಂಗ್ ಕಿಟ್’ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಳಗೆ ಏನಿದೆ ಎಂದು ಬರೆಯದ ಯಾವ ಕಿಟ್ಟಿಗೂ ಹಣವಿಲ್ಲ ಎಂದು ಮೊದಲನೇ ಪಟ್ಟಿಯಲ್ಲೇ ಇದೆ. ಕಿಟ್ ಬಿಡಿಸಿ ಒಂದೊಂದು ವಸ್ತುವಿನ ಹೆಸರು, ಅಳತೆ, ಸಂಖ್ಯೆ, ದರ ಹಾಕಿ ಬಿಲ್ಲು ಕೊಡಿ ಎಂದು ಕೇಳಿ. ಎರಡು ನಿಮಿಷದ ಕೆಲಸ, ರೋಗಿಗೆ ಸಾವಿರಾರು ರೂಪಾಯಿಯ ಲೆಕ್ಕ.

ಇನ್ನು ಫೋಮ್ ಡ್ರೆಸ್ಸಿಂಗ್. ಈ ಪಟ್ಟಿಗಳಲ್ಲಿ ಫೋಮ್, ಆಲ್ಜಿನೇಟ್, ಹೈಡ್ರೋಕೊಲಾಯ್ಡ್ ಎಂಬ ಡ್ರೆಸ್ಸಿಂಗ್‌ಗಳ ಹೆಸರುಗಳಿಲ್ಲ. ಬ್ಯಾಂಡೇಜಿನ ಜೊತೆ ಇದನ್ನೂ ಸೇರಿಸಿ ಕತ್ತರಿಸಿದ್ದಾರೆ, ಅಲ್ಲೇ ನೀವು ಪಟ್ಟು ಹಿಡಿಯಬೇಕು. ಗ್ಲೌಸು ಸಿಬ್ಬಂದಿಯ ಕೈಗೆ. ಫೋಮು ಗಾಯಕ್ಕೆ ಮಾಡುವ ಚಿಕಿತ್ಸೆ. ನಿಮ್ಮ ತಂದೆಯವರಂಥ ಸೋರುವ ಗಾಯಕ್ಕೆ ಗಾಜ್ ಕಟ್ಟಿದರೆ ಕೆಲವೇ ಗಂಟೆಯಲ್ಲಿ ನೆನೆದು ತೊಪ್ಪೆಯಾಗುತ್ತದೆ, ಸುತ್ತಲಿನ ಚರ್ಮ ಬೆಳ್ಳಗೆ ಮೆತ್ತಗಾಗಿ ಗಾಯ ಇನ್ನಷ್ಟು ಅಗಲವಾಗುತ್ತದೆ. ಒಣಗಿದರೆ ಅಂಟಿಕೊಂಡು, ಕೀಳುವಾಗ ಹೊಸದಾಗಿ ಬೆಳೆದ ಮಾಂಸವನ್ನೂ ಕಿತ್ತುಕೊಂಡು ಬರುತ್ತದೆ. ಫೋಮು ಸೋರಿದ್ದನ್ನು ಒಳಕ್ಕೆ ಎಳೆದುಕೊಂಡು ಹಿಡಿದಿಡುತ್ತದೆ, ಎರಡು ಮೂರು ದಿನ ಬಿಚ್ಚಬೇಕಾಗಿಲ್ಲ. ಗಾಜ್ ಅಗ್ಗವೇ ಇರಬಹುದು. ದಿನಾ ಆಲೂರಿಂದ ಹಾಸನಕ್ಕೆ ಆಟೋ, ಡ್ರೆಸ್ಸಿಂಗ್ ಚಾರ್ಜು, ಜೊತೆಗೆ ಬಂದ ಮಗನ ಕೂಲಿ ಕೂಡಿಸಿದರೆ ಅಗ್ಗ ಯಾವುದು ಎಂದು ತಿಳಿಯುತ್ತದೆ. ಕಂಪನಿಯ ಲೆಕ್ಕದಲ್ಲಿ ಇದ್ಯಾವುದೂ ಬರುವುದಿಲ್ಲ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಪಟ್ಟು ಹಿಡಿಯಲು ಕಾಗದ ಬೇಕು. ಸರ್ಜನ್ ಹತ್ತಿರ ಒಂದು ಪತ್ರ ಬರೆಸಿ: ಗಾಯ ಯಾವ ಕಾಲಿನ ಯಾವ ಭಾಗದಲ್ಲಿದೆ, ಉದ್ದ ಅಗಲ ಆಳ ಎಷ್ಟು ಸೆಂಟಿಮೀಟರು, ಸೋರುವುದು ಎಷ್ಟು, ಯಾವ ಡ್ರೆಸ್ಸಿಂಗ್, ಯಾವ ಅಳತೆ, ಎಷ್ಟು ದಿನಕ್ಕೊಮ್ಮೆ, ಎಷ್ಟು ವಾರ. ಬರೀ ‘ರೆಗ್ಯುಲರ್ ಡ್ರೆಸ್ಸಿಂಗ್’ ಎಂದು ಬರೆದ ಡಿಸ್ಚಾರ್ಜ್ ಸಮರಿಯಿಂದ ಕ್ಲೇಮು ಪಾಸಾಗುವುದಿಲ್ಲ. ಡಾಕ್ಟರು ಅವಸರದಲ್ಲಿರುತ್ತಾರೆ, ಆದರೂ ಸಂಕೋಚ ಬೇಡ, ಕೇಳಿ ಬರೆಸಿಕೊಳ್ಳಿ.

ಮನೆಗೆ ತಂದ ಡ್ರೆಸ್ಸಿಂಗ್‌ಗಳಿಗೂ ದಾರಿ ಇದೆ. ಆಸ್ಪತ್ರೆಗೆ ಸೇರಿದ ಕಾಯಿಲೆಗೇ ಡಿಸ್ಚಾರ್ಜ್ ನಂತರ ಮಾಡುವ ಖರ್ಚು ಬಹುತೇಕ ಪಾಲಿಸಿಗಳಲ್ಲಿ ಸೇರಿರುತ್ತದೆ. ಎಲ್ಲ ಕಂಪನಿಗಳೂ ಮಾರುವ ‘ಆರೋಗ್ಯ ಸಂಜೀವನಿ’ಯಲ್ಲಿ ಅದು 60 ದಿನ. ಆ ಚಿಕಿತ್ಸೆ ಮುಗಿದ 15 ದಿನದೊಳಗೆ ಕಾಗದಪತ್ರ ಕೊಡಬೇಕು, ಒಪ್ಪಿದ ಮೊತ್ತದಲ್ಲಿ 5% ನಿಮ್ಮ ಪಾಲು. ಮೆಡಿಕಲ್ ಶಾಪಿನ ಬಿಲ್ಲಿನಲ್ಲಿ ತಂದೆಯವರ ಹೆಸರು, ಡಾಕ್ಟರ ಹೆಸರು ಇರಲಿ. ಚೀಟಿಯಲ್ಲಿ 10 ಸೆಂಟಿಮೀಟರಿನ ಫೋಮ್ ಬರೆದು ಬಿಲ್ಲಿನಲ್ಲಿ ಬೇರೆ ಅಳತೆ ಇದ್ದರೆ ಅಷ್ಟಕ್ಕೇ ತಳ್ಳಿಹಾಕುತ್ತಾರೆ.

ಕಂಪನಿಗೆ ಬರೆದು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ವಿಮೆಯ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಅದಕ್ಕೂ ಮೊದಲು ಐಆರ್‌ಡಿಎಐ ಸಹಾಯವಾಣಿ 155255ಕ್ಕೆ ಫೋನ್ ಮಾಡಿ ದೂರು ದಾಖಲಿಸಿ.

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ವಯಸ್ಸಾದವರಿಗೆ ಇಂಥ ಡ್ರೆಸ್ಸಿಂಗ್ ಸರ್ಕಾರದ ವಿಮೆಯಲ್ಲೇ ಮನೆಗೆ ಬರುತ್ತದಂತೆ. ನಿಜವೇ?
– ಗೃಹಿಣಿ, ಸಕಲೇಶಪುರ

ಉತ್ತರ: ನಿಜ, ಆದರೆ ಪುಕ್ಕಟೆ ಅಲ್ಲಮ್ಮ. 65 ದಾಟಿದವರ ‘ಮೆಡಿಕೇರ್’ ವಿಮೆಯ ‘ಪಾರ್ಟ್ ಬಿ’ಯಲ್ಲಿ ಇದು ಬರುತ್ತದೆ. ವರ್ಷದ ಮೊದಲ ಖರ್ಚಿನ ಒಂದು ಭಾಗವನ್ನು ರೋಗಿಯೇ ಭರಿಸಿದ ಮೇಲೆ ಉಳಿದದ್ದರಲ್ಲಿ 80% ವಿಮೆಯದು, 20% ರೋಗಿಯದು. ಆಪರೇಷನ್ ಆದ ಗಾಯ ಅಥವಾ ಕೊಳೆತದ್ದನ್ನು ತೆಗೆದು ಕ್ಲೀನ್ ಮಾಡಿದ ಗಾಯ ಆಗಿರಬೇಕು. ಸಾಮಾನ್ಯವಾಗಿ ಗಾಯದ ಮೇಲೆ ನೇರವಾಗಿ ಹಾಕುವ ಫೋಮ್ ವಾರಕ್ಕೆ ಮೂರು ಸಲ, ಕಡಲ ಪಾಚಿಯಿಂದ ಮಾಡುವ ಆಲ್ಜಿನೇಟ್ ದಿನಕ್ಕೊಂದು ಸಲ, ಇದಕ್ಕಿಂತ ಹೆಚ್ಚು ಬೇಕಾದರೆ ಕಾರಣ ಕೊಡಬೇಕು. ಗಾಯದ ಅಳತೆ, ಆಳ, ಸೋರುವ ಪ್ರಮಾಣವನ್ನು ತಿಂಗಳು ತಿಂಗಳು ನೋಡಿ ಬರೆದಿಡಬೇಕು, ಇಲ್ಲದಿದ್ದರೆ ಅಲ್ಲೂ ಹಣ ನಿಲ್ಲುತ್ತದೆ. ನಮ್ಮಲ್ಲಿ ಈ ನಿಯಮ ಇರಲಿ ಬಿಡಲಿ, ಗಾಯದ ಅಳತೆಯನ್ನು ತಾರೀಖಿನ ಸಮೇತ ಬರೆದಿಡುವ ಪದ್ಧತಿ ಪ್ರತಿ ವಾರ್ಡಿಗೂ ಬರಬೇಕೆಂಬುದು ನನ್ನ ಬಹಳ ದಿನದ ಆಸೆ.

ಪ್ರಶ್ನೆ: ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್‌ನಲ್ಲಿ ಅಮ್ಮನಿಗೆ ಆಪರೇಷನ್ ಆಯಿತು, ಇನ್ನೂ ವಾರ್ಡಿನಲ್ಲಿದ್ದಾರೆ. ಡ್ರೆಸ್ಸಿಂಗ್ ಹೊರಗಿಂದ ತನ್ನಿ ಅಂತಾರೆ.
– ಓದುಗರು, ಅರಕಲಗೂಡು

ಉತ್ತರ: ತರಬೇಡಿ, ಮೊದಲು ಅದೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು, ಅಂದರೆ ಯೋಜನೆಯ ಸಹಾಯಕರನ್ನು, ಇವತ್ತೇ ಕಾಣಿ. ಯೋಜನೆಯ ಪ್ಯಾಕೇಜ್ ದರದೊಳಗೆ ಔಷಧಿ, ಡ್ರೆಸ್ಸಿಂಗ್ ಸಾಮಾನು ಎಲ್ಲ ಸೇರಿರುತ್ತದೆ. ಡಿಸ್ಚಾರ್ಜ್ ಆದ ಮೇಲೂ 15 ದಿನದ ಔಷಧಿ, ತಪಾಸಣೆ ಅದರಲ್ಲೇ ಬರಬೇಕು. ಅಷ್ಟರಲ್ಲಿ ಅನಿವಾರ್ಯವಾಗಿ ದುಡ್ಡು ಕೊಟ್ಟು ತಂದಿದ್ದರೆ ಬಿಲ್ಲು ಇಟ್ಟುಕೊಂಡು ಯೋಜನೆಯ ಸಹಾಯವಾಣಿ 14555ಕ್ಕೆ ದೂರು ಕೊಡಿ.

ಪ್ರಶ್ನೆ: ಅಡ್ಮಿಟ್ ಆಗದೆ ದಿನಾ ಕ್ಲಿನಿಕ್ಕಿಗೆ ಹೋಗಿ ಡ್ರೆಸ್ಸಿಂಗ್ ಮಾಡಿಸಿದರೆ ಕ್ಲೇಮು ಆಗುತ್ತದಾ?
– ಓದುಗರು, ಮೂಡಿಗೆರೆ

ಉತ್ತರ: ಪಾಲಿಸಿಯಲ್ಲಿ ಓಪಿಡಿ ಸೌಲಭ್ಯ ಇದ್ದರೆ ಮಾತ್ರ. ಆದರೆ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟು ಗಾಯ ಕ್ಲೀನ್ ಮಾಡಿ ಅದೇ ದಿನ ಮನೆಗೆ ಕಳಿಸಿದ್ದರೆ ಅದು ಓಪಿಡಿ ಅಲ್ಲ. ಎಷ್ಟೋ ಪಾಲಿಸಿಗಳ ಡೇ ಕೇರ್ ಪಟ್ಟಿಯಲ್ಲಿ ಅದು ಇದೆ, ನಿಮ್ಮದನ್ನು ತೆಗೆದು ನೋಡಿ.