ಅಕ್ಕನ ಮಗಳ ಕಾಲಿಗೆ ಮಲ್ಲಿಗೆ ಬಳ್ಳಿ

ಪ್ರಶ್ನೆ: ಚಿಂತಾಮಣಿಯಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ದೇವರ ಕವಚ, ಪ್ರಭಾವಳಿ, ಬಾಗಿಲಿಗೆ ಹಿತ್ತಾಳೆ ತಗಡು ಹೊದಿಸುವ ಕೆಲಸ ಮಾಡುತ್ತೇವೆ. ನನ್ನ ಅಕ್ಕನ ಮಗಳಿಗೆ 24 ವರ್ಷ. ಬೈಕ್ ಅಪಘಾತದಲ್ಲಿ ಬಲಗಾಲು ಮಂಡಿಯ ಕೆಳಗೆ ಹೋಯಿತು. ನಾಲ್ಕು ವರ್ಷದಿಂದ ಕೃತಕ ಕಾಲಿನಲ್ಲೇ ಓಡಾಡುತ್ತಾಳೆ. ಮೇಲೆ ಬಟ್ಟಲಿನಂಥ ಸಾಕೆಟ್, ಕೆಳಗೆ ಒಂದು ಪೈಪು, ಪಾದ. ಅದರ ಮೇಲೆ ಚರ್ಮದ ಬಣ್ಣದ ಸ್ಪಂಜು. "ಮಾವ, ಈ ಸ್ಪಂಜು ನೋಡಿ ಯಾರೂ ಮೋಸ ಹೋಗಲ್ಲ. ನಂಗೆ ಮಲ್ಲಿಗೆ ಬಳ್ಳಿ ಕೆತ್ತಿದ ಹಿತ್ತಾಳೆ ಕಾಲು ಮಾಡಿಕೊಡು" ಅಂತಾಳೆ. ಮಾಡಬಹುದಾ?

ಉತ್ತರ: ಕಾಲು ಬೇಡ, ಕಾಲಿಗೊಂದು ಕವಚ ಮಾಡಿ. ಅದರ ಮರ್ಮ ನಿಮಗೆ ಗೊತ್ತಿರುವುದೇ. ದೇವರಿಗೆ ಬೆಳ್ಳಿ ಕವಚ ತೊಡಿಸಿದಾಗ ಭಾರ ಹೊರುವುದು ಒಳಗಿನ ಕಲ್ಲು. ಕವಚ ಸುಮ್ನೆ ಮೇಲೆ ಕೂತಿರುತ್ತದೆ, ಅಭಿಷೇಕದ ಹೊತ್ತಿಗೆ ಬಿಚ್ಚಿಡುತ್ತಾರೆ. ಇದೂ ಹಾಗೇ ಇರಲಿ. ಸಾಕೆಟ್, ಪೈಪು, ಪಾದ ಮೂರೂ ಕಾಲು ಮಾಡಿಕೊಟ್ಟವರ ಕೆಲಸ. ಅವನ್ನು ಮುಟ್ಟಬೇಡಿ. ಮುಖ್ಯವಾಗಿ ಪೈಪಿಗೆ ತೂತು ಕೊರೆಯಬೇಡಿ, ಬೆಸುಗೆ ಹಾಕಬೇಡಿ, ಹತ್ತಿರ ಗ್ಯಾಸ್ ಟಾರ್ಚ್ ಕೂಡ ಹಿಡಿಯಬೇಡಿ. ಒಂದು ಸಣ್ಣ ಸ್ಕ್ರೂ ತೂತಿನಿಂದಲೇ ಬಿರುಕು ಶುರುವಾಗಿ, ಒಂದು ದಿನ ಬಸ್ಸಿನ ಮೆಟ್ಟಿಲ ಮೇಲೆ ಪೈಪು ಮುರಿಯಬಹುದು.

ಹುಡುಗಿಯದು ಪೈಪಿನ ಕಾಲು ಆದದ್ದು ನಿಮಗೆ ಅನುಕೂಲ. ಪ್ಲಾಸ್ಟಿಕ್ ಪೈಪನ್ನು ಕಾಯಿಸಿ ಮಾಡುವ ಜೈಪುರ ಕಾಲಿನಲ್ಲಿ ಹೊರಗಿನ ಗೋಡೆಯೇ ಭಾರ ಹೊರುತ್ತದೆ, ಅಲ್ಲಿ ಇಷ್ಟು ಜಾಗ ಸಿಗಲ್ಲ. ಅಂದಹಾಗೆ, 1968ರ ಸುಮಾರಿಗೆ ಆ ಜೈಪುರ ಪಾದ ಹುಟ್ಟಿದ್ದು ಡಾ. ಪಿ.ಕೆ. ಸೇಠಿ ಅವರ ಜೊತೆ ದುಡಿದ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯ ಕೈಯಲ್ಲಿ. ಹಾಗಾಗಿ 'ನಾನು ಬರೀ ತಗಡು ಕೆಲಸದವನು' ಅಂತ ಹಿಂಜರಿಯಬೇಡಿ.

ಈಗ ಹಿತ್ತಾಳೆಯ ವಿಷಯ. ಇಲ್ಲಿ ಹುಡುಗಿಯ ಮನಸ್ಸು ಸ್ವಲ್ಪ ನೋಯಿಸಬೇಕಾಗುತ್ತೆ. ಮೀನಖಂಡದ ಸುತ್ತಳತೆ ಸರಾಸರಿ 30 ಸೆಂಟಿಮೀಟರ್, ಉದ್ದ 28 ಅಂತ ಇಟ್ಟುಕೊಳ್ಳಿ. 22 ಗೇಜ್ ಹಿತ್ತಾಳೆ ತಗಡಿನಲ್ಲಿ ಮಾಡಿದರೆ ಹತ್ತಿರ ಹತ್ತಿರ 500 ಗ್ರಾಂ. ಅದೇ 1 ಮಿಲಿಮೀಟರ್ ಅಲ್ಯೂಮಿನಿಯಂ ಆದರೆ 225 ಗ್ರಾಂ. ಬಳ್ಳಿಯ ನಡುವೆ ಜಾಲಿ ಬಿಡಿಸಿ ಮೂರರಲ್ಲಿ ಒಂದು ಪಾಲು ಕತ್ತರಿಸಿ ತೆಗೆದರೆ 150ಕ್ಕೆ ಇಳಿಯುತ್ತದೆ. ಸೊಂಟಕ್ಕೆ ಅರ್ಧ ಕಿಲೋ ಕಟ್ಟಿಕೊಂಡರೆ ಗೊತ್ತೂ ಆಗಲ್ಲ. ಮಂಡಿಯ ಕೆಳಗಾದರೆ ಪ್ರತಿ ಹೆಜ್ಜೆಗೂ ಅದನ್ನು ಬೀಸಿ ಎಸೆಯಬೇಕು. ಆ ಎಳೆತಕ್ಕೆ ಸಾಕೆಟ್ ಒಳಗೆ ಉಳಿದ ಕಾಲು ಮೇಲೆ ಕೆಳಗೆ ಆಡಿ ಚರ್ಮ ಸುಲಿಯುತ್ತದೆ. ನಾನು ಮೊದಲು ಮಾಡಿಸಿದ ಹಿತ್ತಾಳೆ ಕವಚ ಹತ್ತೇ ದಿನಕ್ಕೆ ವಾಪಸ್ ಬಂತು. ಈಗಲೂ ನನ್ನ ಟೇಬಲ್ ಮೇಲಿದೆ, ಪೆನ್ನು ಹಾಕಿಟ್ಟಿದ್ದೇನೆ.

ನನ್ನ ಮಾತು ನಂಬಬೇಡಿ, ರಾಗಿಯನ್ನು ನಂಬಿ. ಅರ್ಧ ಕಿಲೋ ರಾಗಿಯನ್ನು ಉದ್ದನೆ ಚೀಲಕ್ಕೆ ತುಂಬಿ, ಅವಳ ಕೃತಕ ಕಾಲಿನ ಮೀನಖಂಡದ ಜಾಗಕ್ಕೆ ಕಟ್ಟಿ. ಮನೆ ಹತ್ತಿರವೇ, ಯಾರಾದರೂ ಜೊತೆಗಿದ್ದು, ಅರ್ಧ ಗಂಟೆ ಓಡಾಡಲಿ. ಮಾರನೇ ದಿನ 150 ಗ್ರಾಂ ಕಟ್ಟಿ. ಯಾವುದು ಬೇಕು ಅಂತ ಅವಳೇ ಹೇಳುತ್ತಾಳೆ. ಹಿತ್ತಾಳೆಯ ಆಸೆಗೆ ಮಂಡಿಯ ಹತ್ತಿರ, ಮೇಲಿನ ಅಂಚಿಗೆ ನಾಲ್ಕು ಹಿತ್ತಾಳೆ ಮೊಗ್ಗು ಕೂರಿಸಿ. ಆದರೆ ಹಿತ್ತಾಳೆ, ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ಅಲ್ಲಿ ಬೆವರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ತೆಳು ಪ್ಲಾಸ್ಟಿಕ್ ವಾಷರ್ ಇರಲಿ.

ಆಕಾರಕ್ಕೆ ಅವಳ ಎಡಗಾಲನ್ನು 5 ಸೆಂಟಿಮೀಟರ್‌ಗೊಮ್ಮೆ ಟೇಪಿನಲ್ಲಿ ಅಳೆಯಿರಿ. ಹಳೆಯ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಸುತ್ತಿ ನೋಡಿ. ಆಮೇಲೆ ಫಿಲ್ಮನ್ನು ಮಗುಚಿ! ಮೀನಖಂಡದ ಒಳಮಗ್ಗುಲಿನ ಉಬ್ಬು ಹೊರಗಿನದಕ್ಕಿಂತ ಸ್ವಲ್ಪ ಕೆಳಗೆ ಇಳಿದಿರುತ್ತದೆ. ಮಗುಚದೆ ತಗಡಿಗೆ ಇಳಿಸಿದರೆ ಅವಳಿಗೆ ಎರಡೂ ಎಡಗಾಲೇ. ನೋಡಿದವರಿಗೆ ಏನು ತಪ್ಪು ಅಂತ ಗೊತ್ತಾಗಲ್ಲ, ಆದರೆ ಏನೋ ಸರಿಯಿಲ್ಲ ಅನ್ನಿಸುತ್ತೆ.

ಅರಗಿನ ಮೇಲೆ ಉಬ್ಬು ಕೆತ್ತುವುದನ್ನು ನಾನು ನಿಮಗೆ ಹೇಳಿದರೆ ನಗುತ್ತೀರಿ. ಒಂದೇ ಮಾತು: ಹಿತ್ತಾಳೆಯಂತೆ ಅಲ್ಯೂಮಿನಿಯಂ ಕಾಯಿಸಿದರೆ ಕೆಂಪಾಗಲ್ಲ. ಕೆಂಪಾಗಲಿ ಅಂತ ಕಾದರೆ 660 ಡಿಗ್ರಿಗೆ ಕರಗಿ ನೆಲಕ್ಕೆ ಬೀಳುತ್ತದೆ. ತಗಡಿನ ಮೇಲೆ ಬಟ್ಟೆ ಸೋಪಿನಿಂದ ಒಂದು ಗೆರೆ ಎಳೆಯಿರಿ. ಜ್ವಾಲೆಯನ್ನು ಆಡಿಸುತ್ತಾ ಕಾಯಿಸಿ. ಗೆರೆ ಕಂದಾಗಿ ಕಪ್ಪಿಗೆ ತಿರುಗಿದ ತಕ್ಷಣ ಬೆಂಕಿ ತೆಗೆಯಿರಿ. ತಗಡು ಹದವಾಗಿರುತ್ತದೆ. ಪಾತ್ರೆ ಮಾಡುವ ಮೆತ್ತನೆ ತಗಡೇ ಕೇಳಿ ತನ್ನಿ, ಗಟ್ಟಿ ಜಾತಿಯದು ಚಾಣದ ಏಟಿಗೆ ಸೀಳುತ್ತದೆ.

ಅಂಚುಗಳನ್ನು ಚೊಂಬಿನ ಬಾಯಿಯ ಹಾಗೆ ತಂತಿ ಇಟ್ಟು ಮಡಚಿ. ಜಾಲಿಯ ತೂತುಗಳನ್ನು ಅರ ಹಾಕಿದ ಮೇಲೆ ಹತ್ತಿ ಉಂಡೆಯಿಂದ ಪೂರ್ತಿ ಒರೆಸಿ. ಒಂದು ಎಳೆ ಸಿಕ್ಕಿಕೊಂಡರೂ ಅಲ್ಲಿ ಸೀರೆ ಹರಿಯುತ್ತೆ, ಇನ್ನೊಂದು ಕಾಲು ಗೀರುತ್ತೆ.

ಮುಂದೆ ಒಂದು, ಹಿಂದೆ ಒಂದು, ಎರಡು ಭಾಗ ಮಾಡಿ. ಒಂದು ಪಕ್ಕ ಕೀಲು, ಇನ್ನೊಂದು ಪಕ್ಕ ತೋಳುಬಂದಿಗೆ ಇಡುವಂಥ ತಿರುಪು. ಒಳಗೆ ಹವಾಯಿ ಚಪ್ಪಲಿಯ ಶೀಟಿನಲ್ಲಿ ಎರಡು ಬಿಲ್ಲೆ ಕತ್ತರಿಸಿ, ನಡುವೆ ಪೈಪಿನ ಅಳತೆಗೆ ತೂತು ಮಾಡಿ. ಸಾಮಾನ್ಯವಾಗಿ ಪೈಪು 30 ಮಿಲಿಮೀಟರ್ ಇರುತ್ತದೆ, ಆದರೂ ಅಳೆದು ನೋಡಿ. ಪಕ್ಕದಲ್ಲಿ ಸೀಳಿ ಪೈಪಿಗೆ ಸಿಕ್ಕಿಸಿ. ಕವಚ ಅದರ ಮೇಲೆ ಕೂರಲಿ. ಲೋಹಕ್ಕೆ ಲೋಹ ತಾಗದಿದ್ದರೆ ಕಿರ್ ಕಿರ್ ಸದ್ದೂ ಇರಲ್ಲ. ಪೈಪಿನ ಎರಡೂ ತುದಿಯಲ್ಲಿ ಕಾಲಿನ ಓರೆ ಸರಿಪಡಿಸುವ ಸ್ಕ್ರೂಗಳಿವೆ. ಕವಚ ಬಿಚ್ಚಿದರೆ ಅಲನ್ ಕೀ ಅಲ್ಲಿಗೆ ಹೋಗಬೇಕು. ಮಂಡಿ ಹಿಂದೆ ಎಷ್ಟು ಇಳಿಸಬೇಕು, ಪಾದದ ಮೇಲೆ ಎಷ್ಟು ಬಿಡಬೇಕು ಅನ್ನೋದನ್ನು ಫಿಲ್ಮ್ ಕವಚ ಹಾಕಿಸಿ, ಅವಳು ಚಕ್ಕಳಮಕ್ಕಳ ಕೂತು, ಬಗ್ಗಿ, ಮೆಟ್ಟಿಲು ಹತ್ತಿದ ಮೇಲೆ ತೀರ್ಮಾನಿಸಿ. ಕೊನೆಗೆ ಕಾಲು ಮಾಡಿದವರ ಹತ್ತಿರ ಒಮ್ಮೆ ನಡೆಸಿ ತೋರಿಸಿ. ಏಪ್ರಿಲ್ ಬಿಸಿಲಿನಲ್ಲಿ ಗಾಡಿ ಓಡಿಸಿ ಬಂದರೆ ತಗಡು ಸುಡುತ್ತದೆ, ಮನೆಯ ಮಕ್ಕಳಿಗೆ ಹೇಳಿಡಿ.

ಪ್ರಶ್ನೆ: ಪವರ್ ಪ್ರೆಸ್ಸಿನಲ್ಲಿ ಎಡಗೈ ಉಂಗುರ ಬೆರಳಿನ ಮೇಲಿನ ಎರಡು ಗೆಣ್ಣು ಹೋಗಿದೆ. ಬೆಳ್ಳಿ ಬೆರಳು ಮಾಡಿಸಿಕೊಳ್ಳಬಹುದಾ? — ತುಮಕೂರಿನ ಓದುಗರು

ಉತ್ತರ: ಧಾರಾಳವಾಗಿ. ಲೋಹದ ಅಂಗ ಹೊಸದೇನಲ್ಲ. ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಟೈಕೊ ಬ್ರಾಹೆ 1566ರಲ್ಲಿ ಕತ್ತಿ ಕಾಳಗದಲ್ಲಿ ಮೂಗು ಕಳೆದುಕೊಂಡು ಲೋಹದ ಮೂಗು ಹಾಕಿಕೊಂಡಿದ್ದ. ಬೆಳ್ಳಿ-ಬಂಗಾರದ್ದು ಅಂತಲೇ ಜನ ಹೇಳುತ್ತಿದ್ದರು. 2010ರಲ್ಲಿ ಸಮಾಧಿ ತೆಗೆದು ಪರೀಕ್ಷಿಸಿದಾಗ ಅದು ಹಿತ್ತಾಳೆ ಅಂತ ಗೊತ್ತಾಯಿತು!

ನಿಮ್ಮ ಅಕ್ಕಸಾಲಿಗರಿಗೆ ಹೇಳಿ: ಬುಡದಲ್ಲಿ ಉಂಗುರದಂತೆ ಕೂರಲಿ, ಆದರೆ ಅಂಗೈ ಕಡೆ ಸೀಳು ಇರಲಿ. ಸೆಕೆಗೆ ಬೆರಳು ಊದಿಕೊಳ್ಳುತ್ತದೆ. ತುದಿ ತಾಗುವ ಕಡೆ ಒಳಗೆ ತೆಳು ಚರ್ಮದ ಅಸ್ತರಿ ಕೊಡಿಸಿ. ಜರ್ಮನ್ ಸಿಲ್ವರ್ ಬೇಡ. ಅದರಲ್ಲಿ ಬೆಳ್ಳಿಯೇ ಇಲ್ಲ, ನಿಕ್ಕಲ್ ಇದೆ, ತುಂಬಾ ಜನಕ್ಕೆ ತುರಿಕೆ. ಬೆಳ್ಳಿ ಕಪ್ಪಾದರೆ ವಿಭೂತಿ ಹಾಕಿ ಉಜ್ಜಿದರೆ ಸಾಕು. ಕೆಲಸಕ್ಕೆ ವಾಪಸ್ ಹೋಗಿದ್ದೀರಾದರೆ, ಪ್ರೆಸ್ ಆನ್ ಮಾಡುವ ಮುಂಚೆ ಬಿಚ್ಚಿ ಟಿಫಿನ್ ಡಬ್ಬಿಯಲ್ಲಿಡಿ.