ಓದುಗರ ಪ್ರಶ್ನೆ: ಜರ್ಮನಿಯ ಮನೆ, ನೆರೆ, ನಿಯಮ

ಪ್ರಶ್ನೆ: ಮಗಳು ಓದಲಿಕ್ಕೆ ಸ್ಟುಟ್‌ಗಾರ್ಟ್‌ಗೆ ಹೊರಟಿದ್ದಾಳೆ. ಹೋದ ಕೂಡಲೇ ವಿಳಾಸ ನೋಂದಾಯಿಸಬೇಕಂತೆ. ಇಲ್ಲಿಂದಲೇ ಮಾಡಿಕೊಳ್ಳುವ ತಯಾರಿ ಇದೆಯೇ?
- ಓದುಗರು, ಶಿವಮೊಗ್ಗ

ಉತ್ತರ: ಇದೆ. ಮನೆ ಸೇರಿದ 2 ವಾರದೊಳಗೆ ಆ ಊರಿನ ಕಚೇರಿಯಲ್ಲಿ ನೋಂದಣಿ (ಆನ್‌ಮೆಲ್ಡುಂಗ್) ಆಗಬೇಕು ಎಂಬುದು ಕಾನೂನು. ಬಾಡಿಗೆ ಕರಾರು ತೋರಿಸಿದರೆ ಸಾಲದು. ಮನೆಯ ವಿಳಾಸ, ಒಳಬಂದ ತಾರೀಕು, ವಾಸಕ್ಕೆ ಬಂದವರ ಹೆಸರು ಬರೆದು ಮಾಲೀಕರು ಬೇರೆಯಾಗಿಯೇ ಕೊಡುವ ದೃಢೀಕರಣ ಪತ್ರ ಬೇಕು. ಹೆಚ್ಚಿನವರು ವಾಪಸ್ ಬರುವುದು ಈ ಒಂದು ಹಾಳೆ ಇಲ್ಲದೆ. ಕೊಠಡಿ ಗೊತ್ತಾದ ದಿನವೇ ಮಾಲೀಕರಿಂದ ಇದನ್ನು ಕೇಳಿಬಿಡಲಿ. ಕಚೇರಿಯಲ್ಲಿ ಭೇಟಿಯ ಸಮಯ ಸಿಗುವುದೂ ತಡವಾಗುತ್ತದೆ. ಶಿವಮೊಗ್ಗದಲ್ಲಿರುವಾಗಲೇ ಆನ್‌ಲೈನಿನಲ್ಲಿ ಸಮಯ ಪಡೆದು, ಬಂದ ಇಮೇಲ್ ಮುದ್ರಿಸಿ ಇಟ್ಟುಕೊಳ್ಳಲಿ.

ಅಂಚೆಪೆಟ್ಟಿಗೆಯ ಮೇಲೆ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಲಿ. ನಮ್ಮವರು ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ತಂದೆಯ ಹೆಸರು ಬರೆದು ತೊಂದರೆಗೆ ಬೀಳುತ್ತಾರೆ. ಪೆಟ್ಟಿಗೆಯ ಮೇಲೆ ಹೆಸರು ಕಾಣದಿದ್ದರೆ ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡ್ ಎಲ್ಲವೂ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತವೆ. ನೋಂದಣಿಯಾದ ಮೇಲೆ ರೇಡಿಯೋ-ಟಿವಿ ಶುಲ್ಕದ ಪತ್ರ ಬರುತ್ತದೆ. ಮನೆಯಲ್ಲಿ ಟಿವಿ ಇಲ್ಲವೆಂದು ಅದನ್ನು ಎಸೆಯಬಾರದು. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಜೊತೆಯಲ್ಲಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ಸಂಖ್ಯೆ (ಬ್ಯಾಂಕಿನದಲ್ಲ) ಬರೆದು ಕಳಿಸಿದರೆ ಸಾಕು.

ಪ್ರಶ್ನೆ: ಮಗ ಭಾನುವಾರ ದೋಸೆಹಿಟ್ಟು ರುಬ್ಬಿದ್ದಕ್ಕೆ ಕೆಳಮನೆಯವರು ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಪರದೇಶದವನೆಂದು ಹೀಗೆ ಮಾಡಿದರೇ?
- ಓದುಗರು, ತೀರ್ಥಹಳ್ಳಿ

ಉತ್ತರ: ಚೀಟಿಯೊಂದನ್ನೇ ನೋಡಿ ಹಾಗೆ ತೀರ್ಮಾನಿಸಬೇಡಿ. ಭಾನುವಾರ ಗೋಡೆ ಕೊರೆದರೆ ಪಕ್ಕದ ಜರ್ಮನರ ಬಾಗಿಲಿಗೂ ಅಂಥದೇ ಚೀಟಿ ಬೀಳುತ್ತದೆ. ಭಾನುವಾರ ಮತ್ತು ರಜಾದಿನ ಪೂರ್ತಿ, ಉಳಿದ ದಿನ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸದ್ದಿಲ್ಲದ ಹೊತ್ತು. ಎಷ್ಟೋ ಕಟ್ಟಡಗಳಲ್ಲಿ ಮಧ್ಯಾಹ್ನ 1ರಿಂದ 3ರವರೆಗೂ ಹಾಗೆಯೇ. ಕಟ್ಟಡದ ನಿಯಮಪತ್ರ ಕರಾರಿನ ಜೊತೆ ಬಂದಿರುತ್ತದೆ, ಇಲ್ಲವೇ ಮೆಟ್ಟಿಲ ಬಳಿ ತೂಗುಹಾಕಿರುತ್ತಾರೆ. ಅದನ್ನೊಮ್ಮೆ ಓದಲಿ. ಒಂದು ನಿಮಿಷ ಚಟ್ನಿ ತಿರುವಿದರೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಅರ್ಧ ಗಂಟೆ ಗ್ರೈಂಡರ್ ಓಡಿಸುವ ಕೆಲಸ ಶನಿವಾರವೇ ಮುಗಿಯಲಿ. ಖಾಲಿ ಬಾಟಲಿಗಳನ್ನು ಗಾಜಿನ ತೊಟ್ಟಿಗೆ ಹಾಕುವುದೂ ಭಾನುವಾರ ಬೇಡ.

ಕೆಳಮನೆಯ ಬಾಗಿಲು ತಟ್ಟಿ "ಗೊತ್ತಿರಲಿಲ್ಲ, ಇನ್ನು ಶನಿವಾರ ರುಬ್ಬುತ್ತೇನೆ" ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಉತ್ತರಿಸದೆ ಸುಮ್ಮನಿದ್ದರೆ ಮುಂದಿನ ದೂರು ನೇರ ಮಾಲೀಕರಿಗೆ ಹೋದೀತು.

ಪ್ರಶ್ನೆ: ಚಳಿಗಾಲದಲ್ಲೂ ದಿನಾ ಕಿಟಕಿ ತೆರೆಯಬೇಕೆಂದು ಸೊಸೆಯ ಬಾಡಿಗೆ ಕರಾರಿನಲ್ಲಿದೆ. ಇದೆಂಥ ನಿಯಮ?
- ಓದುಗರು, ಸಾಗರ

ಉತ್ತರ: ಗೋಡೆಗೆ ಬೂಷ್ಟು ಹಿಡಿಯದಿರಲಿ ಎಂಬ ನಿಯಮ. ನಮ್ಮಲ್ಲಿ ಮಳೆಗಾಲದ ಥಂಡಿ ಹೊರಗಿನಿಂದ ಬರುತ್ತದೆ, ಅದಕ್ಕೇ ಕಿಟಕಿ ಮುಚ್ಚುತ್ತೇವೆ. ಜರ್ಮನಿಯ ಚಳಿಗಾಲದಲ್ಲಿ ತೇವ ಹುಟ್ಟುವುದು ಮನೆಯೊಳಗೆ: ಅನ್ನದ ಹಬೆ, ಸ್ನಾನ, ಒಣಹಾಕಿದ ಬಟ್ಟೆ, ನಮ್ಮ ಉಸಿರು. ಬಿಗಿಯಾದ ಕಿಟಕಿಗಳಿಂದ ಅದು ಹೊರಹೋಗದೆ ತಣ್ಣನೆಯ ಮೂಲೆಯಲ್ಲಿ, ಬೀರುವಿನ ಹಿಂದೆ ನೀರಾಗಿ ಕೂರುತ್ತದೆ. ಹೊರಗಿನ ಕೊರೆವ ಗಾಳಿಯಲ್ಲಿ ನೀರಿನಂಶ ತೀರಾ ಕಡಿಮೆ. ಅದು ಒಳಬಂದು ಬೆಚ್ಚಗಾದರೆ ತೇವ ಹೀರುತ್ತದೆ.

ಮೊದಲು ಹೀಟರಿನ ತಿರುಪನ್ನು ಸೊನ್ನೆಗೆ ತಿರುಗಿಸಿ, ಕಿಟಕಿಯನ್ನು ಪೂರ್ತಿ ತೆರೆದು, 5ರಿಂದ 10 ನಿಮಿಷ ಬಿಟ್ಟು ಮುಚ್ಚಬೇಕು. ದಿನಕ್ಕೆ ಎರಡು-ಮೂರು ಸಲ, ಅಡುಗೆ ಮತ್ತು ಸ್ನಾನದ ನಂತರ ಮತ್ತೆ. ಮೇಲ್ಭಾಗ ಮಾತ್ರ ಓರೆಯಾಗುವಂತೆ ತೆರೆದು ಇಡೀ ದಿನ ಬಿಡುವುದೇ ದೊಡ್ಡ ತಪ್ಪು. ಗಾಳಿ ಬದಲಾಗುವುದು ನಿಧಾನ, ಅಷ್ಟರಲ್ಲಿ ಚೌಕಟ್ಟಿನ ಸುತ್ತಲ ಗೋಡೆ ತಣ್ಣಗಾಗಿ ಬೂಷ್ಟು ಅಲ್ಲೇ ಹಿಡಿಯುತ್ತದೆ. ಬೀರು ಹೊರಗೋಡೆಯಿಂದ ನಾಲ್ಕು ಬೆರಳಾದರೂ ದೂರವಿರಲಿ. ಕಪ್ಪು ಚುಕ್ಕೆ ಕಂಡರೆ ಫೋಟೋ ತೆಗೆದು ಅಂದೇ ಮಾಲೀಕರಿಗೆ ಬರೆದು ತಿಳಿಸಬೇಕು. ಹೇಳದೆ ಬಿಟ್ಟರೆ ಮನೆ ಬಿಡುವಾಗ ಠೇವಣಿಯಲ್ಲಿ ಮುರಿದುಕೊಳ್ಳಲು ನೋಡುತ್ತಾರೆ.

ಪ್ರಶ್ನೆ: ನಡುರಾತ್ರಿ, ಒಂದೂ ವಾಹನವಿಲ್ಲ. ಆಗಲೂ ಕೆಂಪು ದೀಪಕ್ಕೆ ನಿಲ್ಲಬೇಕೇ?
- ಓದುಗರು, ಹೊಸನಗರ

ಉತ್ತರ: ನಿಲ್ಲಬೇಕು. ನಡೆದು ದಾಟಿದರೆ ದಂಡ 5 ಯೂರೋ ಅಷ್ಟೇ. ಆದರೆ ಹಗಲು ಹೊತ್ತು ಮಕ್ಕಳೆದುರು ದಾಟಿದರೆ ಅಪರಿಚಿತರೂ ಗದರಿಯಾರು, ಮಕ್ಕಳು ನೋಡಿ ಕಲಿಯುತ್ತಾರೆಂಬ ಕಾಳಜಿ ಅವರದು. ಸೈಕಲ್ ಮೇಲಿದ್ದರೆ ದಂಡ 60 ಯೂರೋದಿಂದ ಶುರು, ದೀಪ ಕೆಂಪಾಗಿ 1 ಸೆಕೆಂಡ್ ಮೀರಿದ್ದರೆ 100.